ಒಂದೇ ಕಿಟಕಿಯ ನಿಯಮ

ಲಿಂಬೆ ಸಿಪ್ಪೆಯ ಎಣ್ಣೆ, ತೊಯ್ದ ಗೋಣಿ, ನಡುವೆ ಒಂದಿಷ್ಟು ತಂಬಾಕು. ಇಂಡಿ ಊರಿನ ಪೇಟೆಯಿಂದ ಬಂದ ಅಪ್ಪನ ಹೆಗಲ ವಲ್ಲಿಗೆ ಈ ವಾಸನೆ ಇರುತ್ತಿತ್ತು. ಅವನು ಅದನ್ನು ಗೂಟಕ್ಕೆ ತೂಗುಹಾಕಿದ ಕೂಡಲೇ ನಾನು ಅದರಲ್ಲಿ ಮುಖ ಹುದುಗಿಸುತ್ತಿದ್ದೆ. ಲಿಂಬೆ ನಮ್ಮದು, ಗೋಣಿ ನಮ್ಮದು. ತಂಬಾಕು ಮಾತ್ರ ದಲ್ಲಾಳಿಯದು. ಆಗ ದರವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ದಲ್ಲಾಳಿ ವಲ್ಲಿಯ ಕೆಳಗೆ ಕೈ ತೂರಿಸಿ, ಬೆಳೆದವನ ಬೆರಳುಗಳನ್ನು ಹಿಡಿದು ಒತ್ತುತ್ತಿದ್ದ. ಎಷ್ಟು ಬೆರಳು ಒತ್ತಿದನೋ ಅದು ದರ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಅವ್ವ "ಏನ್ ಸಿಕ್ಕಿತು?" ಎಂದರೆ ಅಪ್ಪ ತನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದ.

ತಾಂಬಾದಲ್ಲಿ ನಾವು ಲಿಂಬೆ ಬೆಳೆಗಾರರ ಸಂಘ ಕಟ್ಟಿದ್ದೇ ಆ ವಲ್ಲಿಯನ್ನು ಕಿತ್ತೊಗೆಯುವುದಕ್ಕೆ. ನನ್ನ ಯಜಮಾನರು ತೀರಿಕೊಂಡ ಮೇಲೆ ತೋಟ ನನ್ನ ಹೆಸರಿಗೆ ಬಂತು, ತೋಟದೊಂದಿಗೆ ಸಂಘದ ಸದಸ್ಯತ್ವವೂ ಬಂತು. ನಮ್ಮ ಹರಾಜು ಸಂಘದ ಷೆಡ್ಡಿನಲ್ಲಿಯೇ ನಡೆಯುತ್ತದೆ. ಗೋಡೆಗೆ ದೊಡ್ಡದೊಂದು ಟಿವಿ ತೂಗುಹಾಕಿ ಅದಕ್ಕೆ ಕಂಪ್ಯೂಟರ್ ಜೋಡಿಸಿದ್ದೇವೆ. ಸೊಲ್ಲಾಪುರ, ಪುಣೆ, ಹೈದರಾಬಾದ, ಇಂಡಿ ಪೇಟೆಗಳ ಅಂದಂದಿನ ದರ ಅದರಲ್ಲಿ ಕಾಣಬೇಕು. ವ್ಯಾಪಾರಿಗಳು ಅದನ್ನು ನೋಡಿ ಕೂಗುತ್ತಾರೆ, ಬೆಳೆದವರು ಅದನ್ನು ನೋಡಿ ಕೊಡುತ್ತಾರೆ.

ಆ ಟಿವಿಗೊಂದು ನಿಯಮವಿತ್ತು. ಪರದೆಯ ಮೇಲೆ ಬ್ರೌಸರಿನ ಒಂದೇ ಕಿಟಕಿ ತೆರೆದಿರಬೇಕು. ಎರಡನೆಯ ಕಿಟಕಿ ತೆರೆದರೆ ಅದರ ಕೆಳಗೆ ಏನನ್ನಾದರೂ ಮುಚ್ಚಿಡಬಹುದು, ಅದು ವಲ್ಲಿ ಹೊದಿಸಿದ ಹಾಗೆಯೇ ಎಂದು ಅಧ್ಯಕ್ಷ ಶ್ರೀಶೈಲಪ್ಪ ಸಭೆಯಲ್ಲಿ ಹೇಳಿದ್ದ. ವಲ್ಲಿಯ ಹೆಸರು ಕೇಳಿದ ಮೇಲೆ ಯಾರು ಬೇಡವೆನ್ನುತ್ತಾರೆ? ಎಲ್ಲರೂ ಕೈ ಎತ್ತಿದೆವು. ಆ ನಿಯಮ ಮುರಿದವರನ್ನು ಕಂಪ್ಯೂಟರಿನ ಮುಂದಿನ ಕುರ್ಚಿಯಿಂದ ಎಬ್ಬಿಸುವುದೆಂದು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿಯೂ ಆಯಿತು.

ಕುರ್ಚಿಯಲ್ಲಿ ಕೂರುವವಳು ಸುರೇಖಾ. ಕನ್ನೊಳ್ಳಿಯ ಮಗಳು, ತಾಂಬಾದ ಸೊಸೆ. ಅತ್ತೆಯ ಮನೆಯವರು ಕುರಿ ಸಾಕುವವರು. ಸಿಂದಗಿಯಲ್ಲಿ ಬಿ.ಸಿ.ಎ. ಮುಗಿಸಿದವಳು. ಹಳೆಯ ಕಂಪ್ಯೂಟರಿನಲ್ಲಿ ದೊಡ್ಡ ಬ್ರೌಸರ್ ಏದುಸಿರು ಬಿಡುತ್ತಿದ್ದುದರಿಂದ ಅವಳೇ ಹುಡುಕಿ ಒಂದು ಹಗುರ ಬ್ರೌಸರ್ ಹಾಕಿದ್ದಳು. ಅದರ ಒಂದೇ ಕಿಟಕಿಯಲ್ಲಿ ಪೇಟೆಗೊಂದು ಟ್ಯಾಬ್. ಒಂದನ್ನು ಒತ್ತಿದರೆ ಅದು ಮುಂದೆ, ಉಳಿದವು ಹಿಂದೆ. ಕೆಲವು ವರ್ಷ ಹೀಗೇ ನಡೆಯಿತು.

ಈ ಬೇಸಿಗೆಗೆ ಹೊಸ ಕಂಪ್ಯೂಟರ್ ಬಂತು. ತಂದವನು ಚೇತನಕುಮಾರ, ಶ್ರೀಶೈಲಪ್ಪನ ಅಣ್ಣನ ಮಗ. ಇಂಡಿಯಲ್ಲಿ ಅವನದು ಕಂಪ್ಯೂಟರ್ ಅಂಗಡಿ. "ಎಂಟು ಕೋರ್ ಐತಿ ಕಾಕಾ. ಎಂಟು ಎತ್ತು ಕಟ್ಟಿದಂಗ" ಎಂದ. ಸುರೇಖಾ ಅಂದೇ ಮುಖ ಗಂಟಿಕ್ಕಿ, "ಈ ಬ್ರೌಸರ್‌ಗೆ ಅದರಿಂದ ಏನೂ ಉಪಯೋಗಿಲ್ಲ. ಇದು ಒಂದ ಕೋರ್ ಮ್ಯಾಲ ಓಡೂದು" ಎಂದಿದ್ದಳು. "ಎಂಟು ಇದ್ರ ಎಲ್ಲಾನೂ ಓಡ್ತಾವ. ನಿನಗ ತಿಳಿಯೂದಿಲ್ಲ ಬಿಡವಾ" ಎಂದು ಅವನು ಎಲ್ಲರೆದುರು ನಕ್ಕಿದ್ದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಕಳೆದ ಹರಾಜಿನ ದಿನ ಮಾಳಿಂಗ ತನ್ನ ಲಿಂಬೆಯನ್ನು ಟಿವಿಯಲ್ಲಿದ್ದ ಸೊಲ್ಲಾಪುರದ ದರ ನೋಡಿಯೇ ಕೊಟ್ಟ. ಕೊಂಡವನು ಇಂಡಿಯ ವ್ಯಾಪಾರಿ ಶಮಶುದ್ದೀನ. ಸಂಜೆ ಸೊಲ್ಲಾಪುರದಿಂದ ಮಾಳಿಂಗನ ಅಳಿಯ ಫೋನು ಮಾಡಿ, ಇಲ್ಲಿ ಮುಂಜಾನೆಯೇ ದರ ಏರಿತ್ತಲ್ಲ ಮಾಮಾ, ಯಾಕೆ ಅವಸರ ಮಾಡಿದಿ ಎಂದ. ಟಿವಿಯಲ್ಲಿ ಏರಿದ ದರ ಬಂದೇ ಇರಲಿಲ್ಲ. ಪುಟ ಎಲ್ಲೋ ಸಿಕ್ಕಿಕೊಂಡು ನಿಂತಿತ್ತು. ರಾತ್ರಿ ಕಳೆಯುವುದರೊಳಗೆ ಊರಿನಲ್ಲಿ ಒಂದು ಮಾತು ಹುಟ್ಟಿತು: ಸುರೇಖಾ ಬೇಕೆಂದೇ ನಿಲ್ಲಿಸಿದಳು, ಶಮಶುದ್ದೀನ ಅವಳಿಗೆ ಏನೋ ಕೊಟ್ಟಿದ್ದಾನೆ.

ಮುಂದಿನ ಹರಾಜಿಗೆ ನಾನು ಷೆಡ್ಡು ಮುಟ್ಟಿದಾಗ ಮಾಳಿಂಗ ಆಗಲೇ ಬಾಗಿಲಿನಲ್ಲಿ ನಿಂತಿದ್ದ. ಹಿಂದೆ ಅವನ ಗೋಣಿಗಳು, ಬಾಯಿ ಕಟ್ಟಿದ್ದವು.

"ಈಕಿ ಆ ಕುರ್ಚಿ ಬಿಟ್ಟು ಏಳೂತನಕ ನಾ ಗೋಣಿ ಬಿಚ್ಚೂದಿಲ್ಲ. ಯಾರೂ ಬಿಚ್ಚಬ್ಯಾಡ್ರಿ!"

"ಬಾಯಿ ಸಣ್ಣದು ಮಾಡೋ" ಎಂದಳು ಹುಚ್ಚವ್ವ. ಲಿಂಬೆಯನ್ನು ಗಾತ್ರ ನೋಡಿ ಬೇರ್ಪಡಿಸುವ ಹೆಂಗಸರ ಹಿರಿಯಳು ಅವಳು. "ಲಿಂಬಿ ಕೊಳತಾವ, ನಿನ್ನ ಸಿಟ್ಟು ಕೊಳ್ಯೂದಿಲ್ಲ."

"ನಿನ್ನ ಹೊಟ್ಟಿಗೆ ಬಿದ್ದಿದ್ರ ತಿಳಿತಿತ್ತು, ಮುದುಕಿ."

ಸುರೇಖಾ ಕುರ್ಚಿಯಲ್ಲಿಯೇ ಇದ್ದಳು. ಎರಡೂ ಕೈ ಮಡಿಲಲ್ಲಿ. ಟಿವಿ ಇನ್ನೂ ಹಚ್ಚಿರಲಿಲ್ಲ. ಬುತ್ತಿಯ ಕೈಚೀಲ ಕೂಡ ತಂದಿರಲಿಲ್ಲ ಅವಳು. ಹೇಗೂ ಎಬ್ಬಿಸುತ್ತಾರೆ ಎಂದು ತಿಳಿದೇ ಬಂದವಳ ಹಾಗೆ ಕಂಡಳು. ಹುಚ್ಚವ್ವ ಏಳದೆಯೇ ಕಾಲಿನಿಂದ ಫ್ಯಾನಿನ ಬುಡವನ್ನು ನೂಕಿ ಗಾಳಿ ಅವಳ ಕಡೆ ತಿರುಗಿಸಿದ್ದನ್ನು ನಾನು ನೋಡಿದೆ. ಬೇರೆ ಯಾರೂ ನೋಡಲಿಲ್ಲ.

ಶಮಶುದ್ದೀನ ಮೂಲೆಯ ಕಂಬಕ್ಕೆ ಒರಗಿ ನಿಂತಿದ್ದ. ಮಾಳಿಂಗ ಅವನತ್ತ ತಿರುಗಿದ. "ಏನ್ರಿ ಸಾಹೇಬರ, ಇವತ್ತು ಎಷ್ಟು ಹೊತ್ತಿಗೆ ನಿಲ್ಲಸಾಕ ಹೇಳೀರಿ ಟಿವಿನ?"

"ನಾ ಕೊಂಡದ್ದು ಟಿವಿ ಮ್ಯಾಲಿನ ದರಕ್ಕ" ಎಂದ ಶಮಶುದ್ದೀನ, ದನಿ ಏರಿಸದೆ. "ಟಿವಿ ನಿಮ್ಮದು, ಗ್ವಾಡಿ ನಿಮ್ಮದು, ಹುಡುಗಿ ನಿಮ್ಮಾಕಿ. ನಂದು ಬರೇ ಕಣ್ಣು."

"ಕಣ್ಣು ಭಾಳ ಚಲೋ ಅದಾವ ಬಿಡು, ಕಡಿಮಿ ದರನ ಕಾಣ್ತಾವ."

ಕೆಲವರು ನಕ್ಕರು. ಶಮಶುದ್ದೀನ ನಗಲಿಲ್ಲ, ಹೋಗಲೂ ಇಲ್ಲ. ಅವನು ಹೊರಟುಬಿಟ್ಟರೆ ಊರಿನ ಮಾತು ನಿಜವಾಗಿಬಿಡುತ್ತದೆ ಎಂಬುದು ಅವನಿಗೂ ಗೊತ್ತಿತ್ತು.

ಶ್ರೀಶೈಲಪ್ಪ ಬಂದ, ಹಿಂದೆ ಚೇತನಕುಮಾರ. ನನ್ನನ್ನು ಕಂಡು "ಬರ್ರಿ ಅಕ್ಕಾರ, ನೀವೂ ಕುಂದರ್ರಿ. ಇವತ್ತು ಇದನ್ನ ಮುಗಿಸಿಬಿಡೂನು" ಎಂದ. ಆಮೇಲೆ ಸುರೇಖಾಳ ಕಡೆ. "ತಂಗಿ, ನಾ ಒಂದ ಕೇಳ್ತೇನಿ. ನೀ ನಿಲ್ಲಿಸಿದ್ಯೋ, ತಾನ ನಿಂತಿತೋ?"

"ತಾನ ನಿಂತಿತ್ರಿ ಗೌಡ್ರ. ಹೈದರಾಬಾದ ಪುಟದಾಗ ಜಾಹೀರಾತು ಓಡ್ತಾವ. ಅದು ಸಿಕ್ಕೊಂಡ್ರ ಈ ಬ್ರೌಸರ್‌ನ್ಯಾಗ ಉಳದ ಟ್ಯಾಬ್‌ಗಳೂ ನಿಲ್ತಾವ."

"ಹೈದರಾಬಾದದಾಗ ಎತ್ತು ಮಲಗಿದ್ರ ಸೊಲ್ಲಾಪುರದ ಗಾಡಿ ಯಾಕ ನಿಲ್ತೈತಿ?" ಎಂದ ಮಾಳಿಂಗ. "ಸುಳ್ಳರ ಒಂದೀಟು ಹೊಂದಸಿ ಹೇಳವಾ."

"ಎಲ್ಲಾ ಒಂದ ಗಾಡಿಯೊಳಗ ಹೇರೇತಿ, ಅದಕ್ಕ."

"ನಾ ತೋರಸ್ತೇನಿ ತಡೀರಿ" ಎಂದು ಚೇತನಕುಮಾರ ಮುಂದೆ ಬಂದ. ಟಿವಿ ಹಚ್ಚಿ, ಅವಳ ಭುಜದ ಮೇಲಿಂದಲೇ ಬಾಗಿ ಕೀಲಿಮಣೆ ಎಳೆದುಕೊಂಡು ಅವಳ ಹಗುರ ಬ್ರೌಸರ್ ತೆರೆದ. ಕೆಲಸ ಮಾಡುವಾಗಲೂ ಬಯ್ಯುತ್ತಲೇ ಇದ್ದ. ಆದರೆ ಅವಳ ಪಾದದ ಹತ್ತಿರ ಸುಲಿದ ವೈರು ಬಿದ್ದಿರುವುದು ಕಂಡಾಗ, ಬಯ್ಯುವುದನ್ನು ನಿಲ್ಲಿಸದೆಯೇ, ಚಪ್ಪಲಿಯ ತುದಿಯಿಂದ ಅದನ್ನು ದೂರ ಸರಿಸಿದ.

ಟಿವಿಯ ಮೇಲೆ ಎಂಟು ಚೌಕಗಳು ಬಂದವು. ಪ್ರತಿ ಚೌಕದಲ್ಲಿ ಒಂದು ಗೆರೆ. ಒಂದು ಗೆರೆ ನೆತ್ತಿಗೆ ಏರಿ ನಿಂತಿತ್ತು. ಉಳಿದ ಏಳು ನೆಲಕ್ಕೆ ಅಂಟಿದ್ದವು.

"ನೋಡ್ರಿ ಎಲ್ಲಾರೂ. ಇವು ಎಂಟು ಕೋರ್. ದುಡ್ಯಾಕತ್ತಿದ್ದು ಒಂದ. ಯಾಕ? ಈಕಿ ಹಾಕಿದ ದರಿದ್ರ ಬ್ರೌಸರ್‌ಗೆ ಎರಡನೇದ್ದನ್ನ ಹಿಡ್ಯಾಕ ಬರೂದಿಲ್ಲ."

"ಏಳು ಮಂದಿ ಕಟ್ಟಿ ಮ್ಯಾಲ ಕುಂತು ಎಲಿ ಹಾಕ್ಕೊಳ್ಳಾಕತ್ತಾರ, ಒಬ್ಬ ಹೊಲದಾಗ ಅದಾನ" ಎಂದಳು ಹುಚ್ಚವ್ವ. "ಥೇಟ್ ನಮ್ಮ ಸಂಘ ಕಂಡಂಗ ಕಾಣ್ತೈತಿ."

ಈ ಸಲದ ನಗು ಶ್ರೀಶೈಲಪ್ಪನಿಗೆ ಚುಚ್ಚಿತು. "ಏ, ಸುಮ್ನ ಕುಂದ್ರವಾ ನೀ!"

ಸುರೇಖಾ ಎದ್ದು ನಿಂತಳು. "ನಾ ಅವತ್ತ ಇದನ್ನ ಹೇಳಿದ್ನಲ್ಲ? ಉಪಯೋಗಿಲ್ಲ ಅಂತ? ನಕ್ರಿ ಎಲ್ಲಾರೂ."

"ಬ್ರೌಸರ್ ಬದಲಿ ಮಾಡಬೇಕಿತ್ತು. ದೊಡ್ಡದು ಹಾಕಬೇಕಿತ್ತು. ಅದು ಎಂಟನ್ನೂ ಹಿಡಿತೈತಿ."

"ಹಾಕ್ರಿ ಈಗ. ಹಾಕ್ರಿ, ನೋಡೂನು."

ಅವನು ಹಾಕಿದ. ದೊಡ್ಡ ಬ್ರೌಸರಿನಲ್ಲಿ ನಾಲ್ಕೂ ಪೇಟೆಯ ಪುಟ ತೆರೆದ. ಗೆರೆಗಳು ಕುಣಿದವು, ಒಂದು, ಮೂರು, ಆರು. ಜನ "ಹಾಂ" ಎಂದರು. ಮಾಳಿಂಗ ತೊಡೆ ತಟ್ಟಿದ. ಆಮೇಲೆ ಟಿವಿ ಮಂಕಾಯಿತು. ಮೌಸಿನ ಬಾಣ ನಿಂತಲ್ಲಿಯೇ ನಿಂತಿತು. ಚೇತನಕುಮಾರ ಅದನ್ನು ಮೇಜಿನ ಮೇಲೆ ಉಜ್ಜಿದ, ಬಡಿದ. ಪರದೆಯಲ್ಲಿ ಏನೂ ಅಲುಗಲಿಲ್ಲ.

"ಮೆಮೊರಿ ತುಂಬೇತಿ" ಎಂದಳು ಸುರೇಖಾ. ಅವಳ ದನಿಯಲ್ಲಿ ಕರುಣೆ ಇರಲಿಲ್ಲ. "ಕೋರ್ ಎಂಟು ತಂದ್ರಿ. ಮೆಮೊರಿ ಹಳೇ ಕಂಪ್ಯೂಟರ್‌ನ್ಯಾಗಿದ್ದಷ್ಟ ತಂದ್ರಿ."

ಶ್ರೀಶೈಲಪ್ಪನಿಗೆ ಇದು ಬೇಗ ಅರ್ಥವಾಯಿತು. "ಅಂದ್ರ ಎಂಟು ಎತ್ತು ತಂದು ಒಂದರ ಮೇವು ತಂದೀದಿ ಏನಪಾ?" ಎಂದು ಅಣ್ಣನ ಮಗನನ್ನು ನೋಡಿದ. "ಮಂದ್ಯಾಗ ಮಾರಿ ತೋರಸದಂಗ ಮಾಡಿದಿ."

ಚೇತನಕುಮಾರನ ಕಿವಿ ಕೆಂಪಾದವು. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದ. ಹೊರಗೆ ಟೆಂಪೋದವನೊಬ್ಬ ಹಾರ್ನ್ ಹೊಡೆಯುತ್ತಿದ್ದ. ನನಗೆ ಆ ಹುಡುಗನ ಮೇಲೆ ಮರುಕ ಬಂತು, ಆದರೆ ಅವನು ಮರುಕ ಬೇಡುವ ಸ್ಥಿತಿಯಲ್ಲಿರಲಿಲ್ಲ. ತಿರುಗಿ ಸುರೇಖಾಳ ಮುಖಕ್ಕೆ ಬೆರಳು ಮಾಡಿದ.

"ಆತು, ನಂದು ತಪ್ಪು. ಆದ್ರ ನಿಂದೂ ತಪ್ಪು. ಉಪಯೋಗನ ಇಲ್ಲ ಅಂದ್ಯಲ್ಲ? ಐತಿ. ಈ ಹಗುರ ಬ್ರೌಸರ್‌ನ ನಾಕು ಸಲ ಬ್ಯಾರೆ ಬ್ಯಾರೆ ಚಾಲೂ ಮಾಡು. ಒಂದೊಂದ್ರಾಗ ಒಂದೊಂದು ಪುಟ. ನಾಕು ಕೋರ್ ನಾಕನ್ನ ಹಿಡಿತಾವ. ಒಂದು ನಿಂತ್ರ ಉಳದ ಮೂರು ನಡಿತಾವ. ಮೆಮೊರಿನೂ ಸಾಲತೈತಿ. ಬಿ.ಸಿ.ಎ. ಮಾಡಿದಾಕಿಗೆ ಇಷ್ಟು ಹೊಳಿಲಿಲ್ಲ?"

ಸುರೇಖಾ ಟಿವಿಯತ್ತ ನೋಡಿದಳು, ಆಮೇಲೆ ಗೋಡೆಯ ಮೇಲಿನ ಬಣ್ಣದ ಅಕ್ಷರಗಳತ್ತ.

"ಹೊಳದಿತ್ತು" ಎಂದಳು ಕೊನೆಗೆ. "ಆದ್ರ ಅದು ಎರಡನೇ ಕಿಡಕಿ ಆಕ್ಕೈತಿ. ನಾಕು ಕಿಡಕಿ ಆಕ್ಕಾವ. ಅದಕ್ಕ ಉಪಯೋಗಿಲ್ಲ ಅಂದೆ."

"ಕಿಡಕಿ ಮಾತು ಬಂತು ನೋಡ್ರಿ!" ಮಾಳಿಂಗ ಜನರನ್ನು ಸೀಳಿಕೊಂಡು ಮೇಜಿನ ಹತ್ತಿರ ಬಂದ. "ಇದಕ್ಕ ಕಾಯ್ಕೋತ ಕುಂತಿದ್ಲು. ಒಂದರ ಕೆಳಗ ಒಂದು ಇಟ್ಟು ಆಟ ಆಡಾಕ. ನಮ್ಮಪ್ಪನ ಬೆರಳು ವಲ್ಲಿ ಕೆಳಗ ಮುರದು ಹೋದ್ವು. ಮತ್ತ ಅದನ್ನ ತರಾಕತ್ತಾರ!"

"ನಿಯಮ ಅಂದ್ರ ನಿಯಮ" ಎಂದ ಶ್ರೀಶೈಲಪ್ಪ. "ನಾಕು ಕಿಡಕಿ ಈ ಷೆಡ್ಡಿನ್ಯಾಗ ಆಗೂದಿಲ್ಲ. ಚೇತ್ಯಾ, ನೀ ಬಾಯಿ ಮುಚ್ಚು. ತಂಗಿ, ನೀ ಎದ್ದಿಯಲ್ಲ, ಎದ್ದಂಗ ಹೋಗಿಬಿಡು. ಬ್ಯಾರೆ ಯಾರನ್ನಾರ ಕುಂದ್ರಸ್ತೇವಿ."

"ಹೋದ್ರ ನಾ ಕಳ್ಳಿ ಅಂದಂಗ ಆಕ್ಕೈತ್ರಿ."

"ಅದು ನಿನಗ ಬಿಟ್ಟದ್ದು."

ಅವಳು ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದಳು. ಜನ ದಾರಿ ಬಿಟ್ಟರು. ಆ ದಾರಿ ಬಿಟ್ಟ ರೀತಿಯಲ್ಲಿಯೇ ಒಂದು ಕ್ರೌರ್ಯವಿತ್ತು. ಸೆರಗು ತಾಗದಂತೆ ಸರಿದ ಹಾಗೆ. ಇನ್ನು ಇದೇ ಊರಿನಲ್ಲಿ ಅವಳು ನೀರಿಗೆ ಹೋಗಬೇಕು, ಸಂತೆಗೆ ಹೋಗಬೇಕು, ಮಗಳನ್ನು ಶಾಲೆಗೆ ಬಿಡಬೇಕು. ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ತಿರುಗಿದಳು.

ನೇರ ಬಂದು ಕುರ್ಚಿಯಲ್ಲಿ ಕುಳಿತಳು. ಕೀಲಿಮಣೆ ಎಳೆದುಕೊಂಡಳು. ಬ್ರೌಸರನ್ನು ಚಾಲೂ ಮಾಡಿದಳು. ಮತ್ತೊಮ್ಮೆ ಮಾಡಿದಳು. ಎರಡನೆಯ ಕಿಟಕಿ ಟಿವಿಯ ಮೇಲೆ ಕಾಣಿಸಿಕೊಂಡಾಗ ಷೆಡ್ಡಿನಲ್ಲಿ ಗದ್ದಲವೆದ್ದಿತು.

"ಏಯ್! ಏಳಸ್ರಿ ಆಕಿನ!"

"ನಿಯಮ ಮುರದ್ಲು!"

"ಕಣ್ಮುಂದ! ನಮ್ಮ ಕಣ್ಮುಂದ ಮಾಡಾಕತ್ತಾಳ!"

ಮಾಳಿಂಗ ಕುರ್ಚಿಯ ಬೆನ್ನು ಹಿಡಿದು ಅಲುಗಿಸಿದ. ಅವಳು ಮೇಜಿನ ಅಂಚನ್ನು ಒಂದು ಕೈಯಿಂದ ಹಿಡಿದುಕೊಂಡು ಇನ್ನೊಂದರಿಂದ ಕೆಲಸ ಮಾಡಿದಳು. ಮೂರನೆಯದು. ನಾಲ್ಕನೆಯದು. ಆಮೇಲೆ ಒಂದೊಂದನ್ನೂ ಕುಗ್ಗಿಸಿ ಟಿವಿಯ ಒಂದೊಂದು ಮೂಲೆಗೆ ಎಳೆದಿಟ್ಟಳು. ಮೇಲೆ ಸೊಲ್ಲಾಪುರ, ಪುಣೆ. ಕೆಳಗೆ ಹೈದರಾಬಾದ, ಇಂಡಿ. ಅಂಚಿಗೆ ಅಂಚು ತಾಗಿತ್ತು, ಒಂದರ ಮೇಲೊಂದು ಬಂದಿರಲಿಲ್ಲ.

"ಗೌಡ್ರ" ಎಂದಳು, ತಿರುಗದೆಯೇ. "ಈಗ ಹೇಳ್ರಿ. ಯಾವುದು ಯಾವುದರ ಕೆಳಗೈತಿ?"

ಶ್ರೀಶೈಲಪ್ಪ ಕಣ್ಣು ಕಿರಿದು ಮಾಡಿ ನೋಡಿದ.

"ಇಷ್ಟು ದಿನ ಒಂದ ಕಿಡಕಿ ಇತ್ತಲ್ಲ? ಅದರಾಗ ಒಂದು ಪ್ಯಾಟಿ ಮುಂದ, ಮೂರು ಹಿಂದ. ಹಿಂದಿದ್ದದ್ದು ನಿಮಗ ಯಾರಿಗರ ಕಾಣ್ತಿತ್ತ? ನಿಮ್ಮ ಒಂದ ಕಿಡಕಿನ ವಲ್ಲಿ ಆಗಿತ್ರಿ. ನಾ ಅದರ ಕೆಳಗ ದಿನಾ ಕೈ ಹಾಕ್ಕೊಂಡು ಕುಂತಿದ್ದೆ. ಕಳ್ಳತನ ಮಾಡೂದಿದ್ರ ಅದರಾಗ ಮಾಡ್ತಿದ್ದೆ."

ಹೊಡೆಯಲು ಎತ್ತಿದ ಕೈ ಎಲ್ಲಿ ಇಳಿಸಬೇಕೆಂದು ತಿಳಿಯದವರ ಹಾಗೆ ಜನ ನಿಂತರು. ಅಂದು ಆ ನಿಯಮಕ್ಕೆ ಕೈ ಎತ್ತಿದವರಲ್ಲಿ ಎಷ್ಟು ಜನ ಓದಿದವರಿದ್ದೆವು, ಒಬ್ಬರಿಗೂ ಇದು ಕಂಡಿರಲಿಲ್ಲ.

"ಬೇಗ ಏನೂ ಬರಲಿಲ್ಲಲ್ಲ ಮತ್ತ?" ಎಂದು ಯಾರೋ ಹಿಂದಿನಿಂದ ಕೊಂಕು ತೆಗೆದರು. "ಮೊದಲಿನಂಗ ತೆವಳ್ಕೋತ ಬಂದ್ವು ಪುಟ."

"ಬೇಗ ಬರೂದಿಲ್ಲ" ಎಂದ ಚೇತನಕುಮಾರ, ಸುರೇಖಾ ಬಾಯಿ ತೆರೆಯುವ ಮೊದಲೇ. "ಒಂದು ಪುಟ ಒಂದ ಕೋರ್ ಮ್ಯಾಲ. ಅದು ಅಷ್ಟ ಓಡ್ತೈತಿ. ಈಗ ನೋಡ್ರಿ, ಹೈದರಾಬಾದ ನೋಡ್ರಿ."

ಹೈದರಾಬಾದದ ಮೂಲೆ ಸಿಕ್ಕಿಕೊಂಡಿತ್ತು. ಅರ್ಧ ಜಾಹೀರಾತು ಬಂದು, ಯಾವಳೋ ನಟಿಯ ಅರ್ಧ ಮುಖ ನಗುತ್ತ ನಿಂತುಬಿಟ್ಟಿತ್ತು. ಅವನು ಎಂಟು ಗೆರೆಗಳನ್ನು ಪರದೆಯ ತುದಿಗೆ ಚಿಕ್ಕದಾಗಿ ತಂದ. ಒಂದು ಗೆರೆ ನೆತ್ತಿಗೇರಿ ನಿಂತಿತ್ತು. ಆದರೆ ಈಗ ಬೇರೆ ಮೂರು ಮೆಲ್ಲಗೆ ಏರುತ್ತ ಇಳಿಯುತ್ತ ಇದ್ದವು.

ನಾವೆಲ್ಲ ಸೊಲ್ಲಾಪುರದ ಮೂಲೆಯನ್ನು ನೋಡುತ್ತ ನಿಂತೆವು. ಮಾಳಿಂಗ ಕುರ್ಚಿಯ ಬೆನ್ನು ಬಿಟ್ಟಿರಲಿಲ್ಲ. ಅಂಕಿ ಅಲುಗಲಿಲ್ಲ. ಯಾರೋ ಕೆಮ್ಮಿದರು. ಆಮೇಲೆ ಪುಣೆಯ ಅಂಕಿ ಬದಲಾಯಿತು. ಅದರ ಹಿಂದೆಯೇ ಸೊಲ್ಲಾಪುರದ್ದೂ ಬದಲಾಯಿತು, ಮೇಲಕ್ಕೆ. ಹೈದರಾಬಾದದ ಅರ್ಧ ಮುಖ ಹಾಗೆಯೇ ನಗುತ್ತಿತ್ತು.

"ಅವತ್ತೂ ಹಿಂಗ ನಿಂತಿತ್ತು" ಎಂದಳು ಸುರೇಖಾ. "ಅದು ನಿಂತಾಗ ಎಲ್ಲಾನೂ ಹಿಡಕೊಂಡು ನಿಂತಿತ್ತು. ನಾ ನಿಲ್ಲಸಿಲ್ಲ."

ಶಮಶುದ್ದೀನ ಕಂಬದಿಂದ ಬೆನ್ನು ಎತ್ತಿದ. "ಮತ್ತ, ಮಾಳಿಂಗಣ್ಣ? ನನ್ನ ಕಣ್ಣು ಏನಂತಾವ ಈಗ?"

"ನಿನ್ನ ಕಣ್ಣಿಗೆ ಮಣ್ಣು ಬೀಳ್ಲಿ" ಎಂದ ಮಾಳಿಂಗ. ಆದರೆ ಕುರ್ಚಿ ಬಿಟ್ಟ.

ಶ್ರೀಶೈಲಪ್ಪ ತಪ್ಪಾಯಿತು ಎನ್ನಲಿಲ್ಲ. ಅವನ ಅಪ್ಪನೂ ಯಾರಿಗೂ ಹಾಗೆ ಅಂದವನಲ್ಲ. ಗಂಟಲು ಸರಿಮಾಡಿಕೊಂಡು, "ಲಿಲಾವ ಚಾಲೂ ಮಾಡ್ರಿ, ಬಿಸಲು ಏರಾಕತ್ತೈತಿ" ಎಂದ. ಆಮೇಲೆ ಅವಳಿಗೆ: "ಇವತ್ತಿಗೆ ಕುಂದ್ರು. ನಿಯಮ ಮುರದಿದ್ದು ಮುರದಿದ್ದ. ಮುಂದಿನ ಸಭಾದಾಗ ನೋಡೂನು."

"ನೋಡ್ರಿ" ಎಂದಳು. ಅವಳೂ ಸೋಲಲಿಲ್ಲ.

ಚೇತನಕುಮಾರ ಹೊರಡುವಾಗ ಅವಳ ಹತ್ತಿರ ನಿಂತ. ಸಂಧಾನದ ಮಾತು ಬರಬಹುದೆಂದು ನಾನು ಕಿವಿಗೊಟ್ಟೆ. "ಹೈದರಾಬಾದದ್ದನ್ನ ಮುಚ್ಚಿ ಮತ್ತ ತೆರಿ. ಹಂಗ ನೋಡ್ಕೋತ ಕುಂತ್ರ ತಾನ ಏಳೂದಿಲ್ಲ" ಎಂದ, ಅದೇ ಕಹಿ ದನಿಯಲ್ಲಿ. "ನನಗ ಗೊತ್ತೈತಿ" ಎಂದಳು ಅವಳು, ಅದೇ ಕಹಿಯಲ್ಲಿ. ಅಷ್ಟೇ.

ಹರಾಜು ನಡೆಯಿತು. ಎಂದಿಗಿಂತ ಹೆಚ್ಚು ಕೂಗಾಟ, ಹೆಚ್ಚು ಜಗಳ. ಜನ ಈಗ ನಾಲ್ಕು ಮೂಲೆ ನೋಡಿ ನಾಲ್ಕು ವಾದ ಹೂಡುತ್ತಿದ್ದರು. ಶಮಶುದ್ದೀನ ಕೂಗಿದ ದರಕ್ಕೆ ಯಾರೋ ಪುಣೆ ತೋರಿಸಿದರೆ, ಅವನು ಇಂಡಿ ತೋರಿಸುತ್ತಿದ್ದ. ಮಾಳಿಂಗ ಗೋಣಿಯ ಬಾಯಿ ಬಿಚ್ಚಿದ. ಅವನ ಲಿಂಬೆಯನ್ನು ಶಮಶುದ್ದೀನನೇ ಕೊಂಡ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ವ್ಯವಹಾರ ಮುಗಿಸಿದರು.

ಮಧ್ಯಾಹ್ನ ಹೆಂಗಸರು ಬೇವಿನ ನೆರಳಿಗೆ ಹೋದರು, ಗಂಡಸರು ಟೆಂಪೋಗಳ ಮರೆಗೆ. ಸುರೇಖಾ ಎದ್ದಿರಲಿಲ್ಲ. ಏಳುವಂತಿರಲಿಲ್ಲ, ಒಂದಲ್ಲ ಒಂದು ಮೂಲೆ ಸಿಕ್ಕಿಕೊಳ್ಳುತ್ತಿತ್ತು, ಮುಚ್ಚಿ ತೆರೆಯಬೇಕಿತ್ತು. ಕುರ್ಚಿ ಬಿಟ್ಟರೆ ಇನ್ನೊಬ್ಬರು ಕೂತುಬಿಟ್ಟಾರೆಂಬ ಹೆದರಿಕೆಯೂ ಇದ್ದೀತು. ಅವಳು ಬುತ್ತಿ ತಂದಿಲ್ಲವೆಂಬುದು ನನಗೆ ಆಗ ನೆನಪಾಯಿತು. ನನ್ನದನ್ನು ಅರ್ಧ ಕೊಡೋಣವೆಂದು ನಾನು ಏಳುತ್ತಿದ್ದೆ.

ಮಾಳಿಂಗ ನನಗಿಂತ ಮೊದಲು ಅಲ್ಲಿದ್ದ. ಕೈಯಲ್ಲಿ ಅವನ ಸ್ಟೀಲಿನ ಡಬ್ಬಿ, ಇನ್ನೂ ತೆರೆಯದ್ದು. ಅದನ್ನು ಕೀಲಿಮಣೆಯ ಪಕ್ಕದಲ್ಲಿ ಇಟ್ಟ. ಅವಳು ತಲೆ ಎತ್ತಿ ನೋಡಿದಳು. ಅವನು ಟಿವಿಯನ್ನು ನೋಡುತ್ತಿದ್ದ, ಮುಖ ಗಂಟು ಹಾಕಿಕೊಂಡು, ಜಗಳಕ್ಕೆ ನಿಂತವನ ಹಾಗೆಯೇ. ಡಬ್ಬಿಯನ್ನು ಎರಡು ಬೆರಳಿನಿಂದ ಇನ್ನೊಂದಿಷ್ಟು ಅವಳ ಕಡೆ ದೂಡಿದ, ಮತ್ತೆ ಬಿಸಿಲಿಗೆ ಹೋದ.